ಗೋದಾಮು ಕಾಣುತ್ತಿದೆ

ನಮ್ಮ ಮಾವನವರಿಗೆ ಊರವರು ಇಟ್ಟ ಹೆಸರು ಅನುಮಾನದ ಸಾಹೇಬರು. ಹೆಸರು ಸುಮ್ಮನೆ ಬಂದದ್ದಲ್ಲ. ಥರ್ಮಾಮೀಟರು ಹದಿನಾಲ್ಕು ಡಿಗ್ರಿ ತೋರಿಸಿದರೆ ಒಮ್ಮೆ ಬೆರಳಿನಿಂದ ತಟ್ಟಿ, ಕನ್ನಡಕ ಒರೆಸಿ ಇನ್ನೊಮ್ಮೆ ನೋಡುವರು. ಮಳೆ ಅಳೆಯುವ ಡಬ್ಬಿಯಲ್ಲಿ ನಿರೀಕ್ಷೆಗಿಂತ ಹೆಚ್ಚು ನೀರಿದ್ದರೆ, ಯಾರಾದರೂ ಚೊಂಬಿನಲ್ಲಿ ಸುರಿದು ಹೋಗಿದ್ದಾರೆಯೇ ಎಂದು ಸುತ್ತ ಹೆಜ್ಜೆಗುರುತು ಹುಡುಕುವರು. ಹಾಲಿನವಳು ನಕ್ಕರೆ ನೀರು ಬೆರೆಸಿದ್ದಾಳೆ ಎನ್ನುವರು, ನಗದಿದ್ದರೆ ಇವತ್ತು ಇನ್ನೂ ಹೆಚ್ಚು ಬೆರೆಸಿದ್ದಾಳೆ ಎನ್ನುವರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ದಿನಕ್ಕೆ ಮೂರು ಸಲವಾದರೂ ಹೇಳದೆ ಅವರಿಗೆ ಊಟ ಇಳಿಯುತ್ತಿರಲಿಲ್ಲ.

ಅವರದು ನದಿಯ ದಂಡೆಯ ಹವಾಮಾನ ಕೇಂದ್ರದಲ್ಲಿ ವೀಕ್ಷಕನ ಕೆಲಸ. ಕೇಂದ್ರವೆಂದರೆ ದಿಬ್ಬದ ಮೇಲೆ ಎರಡು ಕೋಣೆ, ಬೇಲಿಯೊಳಗೆ ನಾಲ್ಕು ಉಪಕರಣ, ಒಂದು ಫೋನು. ನಾನು ಅಲ್ಲಿಗೆ ಎರಡನೆಯ ವೀಕ್ಷಕಳಾಗಿ ಸೇರಿದಾಗ ಅವರು ನನಗೆ ಸಾಹೇಬರು. ಎರಡು ವರ್ಷದ ನಂತರ ಅವರ ಮಗನನ್ನು ಮದುವೆಯಾದೆ, ಮಾವನಾದರು. ಈ ಹುಡುಗಿ ನಮ್ಮ ಹುಡುಗನನ್ನು ನೋಡಿ ಬಂದಳೋ ನನ್ನ ಕುರ್ಚಿ ನೋಡಿ ಬಂದಳೋ ಎಂದು ಮದುವೆಯ ದಿನವೇ ಅತ್ತೆಯ ಕಿವಿಯಲ್ಲಿ ಹೇಳಿದ್ದರಂತೆ. ಅತ್ತೆ ಅದನ್ನು ನನಗೆ ಹೇಳಿದರು. ಯಾಕೆ ಹೇಳಿದರು ಎಂದು ನಾನು ಇವತ್ತಿಗೂ ಅನುಮಾನಪಡುತ್ತೇನೆ. ಆ ಮನೆಯ ಅನ್ನ ತಿಂದವರಿಗೆ ಈ ಗುಣ ಅಂಟದೆ ಇರುವುದಿಲ್ಲ.

ಅಂಟದೆ ಉಳಿದವನು ನನ್ನ ಗಂಡ ಒಬ್ಬನೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಅವನು ನದಿ ದಾಟಿಸುವ ಲಾಂಚಿನ ಚಾಲಕ. ಬೆಳಿಗ್ಗೆ ಆರೂವರೆಯ ಮೊದಲ ಲಾಂಚಿನಲ್ಲಿ ಕಾರ್ಖಾನೆಗೆ, ಆಸ್ಪತ್ರೆಗೆ, ಶಾಲೆಗೆ ಹೋಗುವ ನಲವತ್ತು ಜನ ಹತ್ತುತ್ತಾರೆ. ಆ ಹೊತ್ತಿಗೆ ಸರಕು ದೋಣಿಗಳೂ ನದಿಯಲ್ಲಿ ಅಡ್ಡಾಡುತ್ತಿರುತ್ತವೆ. ಅದಕ್ಕಾಗಿ ಒಂದು ನಿಯಮವಿದೆ. ಬೆಳಿಗ್ಗೆ ಆರಕ್ಕೆ ಐನೂರು ಮೀಟರ್ ದೂರದವರೆಗೂ ಕಾಣದಿದ್ದರೆ ಲಾಂಚು ಬಿಡುವಂತಿಲ್ಲ. ಎಷ್ಟು ದೂರ ಕಾಣುತ್ತದೆ ಎಂದು ಹೇಳಬೇಕಾದವರು ಮಾವ.

ಅದಕ್ಕೆ ಯಂತ್ರವೇನೂ ಇರಲಿಲ್ಲ, ಬರಿಗಣ್ಣೇ ಯಂತ್ರ. ಅಂಗಳದಲ್ಲಿ ಬಿಳಿ ಬಣ್ಣದ ಗೆರೆಯೊಂದಿದೆ. ಆ ಗೆರೆಯ ಮೇಲೆ ನಿಂತು ನೋಡಬೇಕು. ಲಾಂಚು ಕಟ್ಟೆಯ ದೀಪದ ಕಂಬ ಇನ್ನೂರು ಮೀಟರು, ಆಚೆ ದಂಡೆಯ ಗೋದಾಮು ಐನೂರು, ಅದರ ಹಿಂದಿನ ನೀರಿನ ಟ್ಯಾಂಕು ಒಂದು ಕಿಲೋಮೀಟರು. ಕಂಡದ್ದನ್ನು ರಿಜಿಸ್ಟರಿನಲ್ಲಿ ಬರೆದು, ಲಾಂಚು ಕಚೇರಿಯ ಫೋನು ಬಂದಾಗ ಹೇಳಬೇಕು. ಮಾವ ಮೂವತ್ತೊಂದು ವರ್ಷ ಆ ಗೆರೆಯ ಮೇಲೆ ನಿಂತಿದ್ದರು. ಬೆಳಗಿನ ಪಾಳಿ ಅವರದು, ಮಧ್ಯಾಹ್ನದಿಂದ ಸಂಜೆಯವರೆಗೆ ನನ್ನದು.

ಆ ವರ್ಷ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿ ನಿಂತ ದಿನಗಳಲ್ಲಿ ಪ್ರಾದೇಶಿಕ ಕಚೇರಿಯಿಂದ ಹವಾಮಾನ ಮುನ್ಸೂಚನೆ ಬಂತು. ಮುಂದಿನ ಹತ್ತು ದಿನ ಬೆಳಗಿನ ಹೊತ್ತು ದಟ್ಟ ಮಂಜು, ನಡುನಡುವೆ ಮಳೆ, ಉತ್ತರದ ತಣ್ಣನೆಯ ಗಾಳಿಯಿಂದಾಗಿ ಉಷ್ಣಾಂಶ ಐದಾರು ಡಿಗ್ರಿ ಇಳಿಯುವ ಸಂಭವ. ಮಾವ ಅದನ್ನು ಎರಡು ಸಲ ಓದಿ, ಕಾಗದದ ಹಿಂಬದಿಯನ್ನೂ ನೋಡಿದರು. ಇವರು ಕಿಟಕಿ ತೆಗೆದು ನೋಡಿದವರೇ ಅಲ್ಲ, ಹೋದ ವರ್ಷದ್ದನ್ನೇ ತಾರೀಖು ತಿದ್ದಿ ಕಳಿಸಿದ್ದಾರೆ ಎಂದರು. ಸಂಭವ ಎಂದು ಬರೆದವನಿಗೆ ಮಳೆ ಬಂದರೂ ಗೆಲುವು, ಬರದಿದ್ದರೂ ಗೆಲುವು ಎಂದು ಗೊಣಗಿ ಅದನ್ನು ಫಲಕಕ್ಕೆ ಅಂಟಿಸಿದರು.

ಮಂಜು ಮಾತ್ರ ಹೇಳಿದ ದಿನಕ್ಕೇ ಬಂತು. ಮೊದಲ ದಿನ ನನ್ನ ಗಂಡ ಮಧ್ಯಾಹ್ನ ಊಟಕ್ಕೆ ಬಂದವನು, ಇವತ್ತು ನದಿಯ ನಡುವೆ ಬೀಡಿ ವಾಸನೆ ಬಂತು ಎಂದ. ಸರಕು ದೋಣಿಯೊಂದು ಅಷ್ಟು ಪಕ್ಕದಲ್ಲಿ ಹಾದುಹೋಗಿತ್ತು. ದೋಣಿಯವನ ಬೀಡಿಯ ವಾಸನೆ ಮೂಗಿಗೆ ಬಂದಿತ್ತು, ದೋಣಿ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಬಡಿಸುತ್ತಿದ್ದ ಸೌಟು ಕೆಳಗಿಟ್ಟೆ. ಅವನು ಮಾತ್ರ ಸಾರು ಬಡಿಸಿಕೊಂಡ. ಕಟ್ಟೆಯ ಹತ್ತಿರ ಮಂಜು ಹಾಗೇ, ದಿಬ್ಬದ ಮೇಲಿಂದ ಅಪ್ಪನಿಗೆ ಕಾಣುತ್ತದೆ, ಅವರು ಬರೆದಿದ್ದಾರೆ ಎಂದರೆ ಸರಿಯಾಗಿಯೇ ಇರುತ್ತದೆ ಎಂದ.

ಪಾಳಿಗೆ ಹೋದವಳೇ ರಿಜಿಸ್ಟರು ತೆರೆದೆ. ಗೋದಾಮು ಕಾಣುತ್ತಿದೆ, ಟ್ಯಾಂಕು ಮಸುಕು ಎಂದು ಮಾವನ ದುಂಡಗಿನ ಅಕ್ಷರ. ಎರಡನೆಯ ದಿನವೂ ಅದೇ, ಮೂರನೆಯ ದಿನವೂ ಅದೇ. ಆ ಮೂರು ಬೆಳಿಗ್ಗೆಯೂ ನಮ್ಮ ಅಡುಗೆಮನೆಯ ಕಿಟಕಿಯಿಂದ ಎದುರುಮನೆಯ ಗೇಟು ನನಗೆ ಕಂಡಿರಲಿಲ್ಲ.

ನನ್ನ ಹೊಟ್ಟೆಯೊಳಗೆ ಅನುಮಾನ ಕಾಲು ಚಾಚಿ ಕುಳಿತುಬಿಟ್ಟಿತು. ಮುದುಕರು ಚಳಿಗೆ ಹೊರಗೇ ಹೋಗುತ್ತಿಲ್ಲ, ಕುರ್ಚಿಯಲ್ಲಿ ಕೂತೇ ಬರೆಯುತ್ತಿದ್ದಾರೆ ಎಂದುಕೊಂಡೆ. ಅವರು ಪಾಳಿ ಮುಗಿಸಿ ಬಂದಾಗ ಅವರ ಚಪ್ಪಲಿ ತಿರುವಿ ನೋಡಿದೆ. ಅಟ್ಟೆಗೆ ಒದ್ದೆ ಹುಲ್ಲು ಅಂಟಿಕೊಂಡಿತ್ತು. ಅಂದರೆ ಹೊರಗೆ ಹೋಗಿದ್ದರು. ಹಾಗಾದರೆ ಒಂದು ದಿನವೂ ಲಾಂಚು ನಿಲ್ಲಬಾರದೆಂದು ಅದರ ಮ್ಯಾನೇಜರು ಏನೋ ಕಿವಿಯಲ್ಲಿ ಊದಿದ್ದಾನೆ ಎಂದುಕೊಂಡೆ. ಹಿಂದಿನ ಚಳಿಗಾಲದಲ್ಲಿ ಅವನು ಮಾವನಿಗೆ ಉಣ್ಣೆಯ ಮಫ್ಲರು ಕೊಟ್ಟಿದ್ದ. ಆ ಮಫ್ಲರು ಗೂಟದಲ್ಲಿ ನೇತಾಡುವುದನ್ನು ಕಂಡರೆ ಸಾಕು, ಅದೇ ಸಾಕ್ಷಿ ಎನಿಸುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಷ್ಟರಲ್ಲಿ ಅತ್ತೆ ನಾನು ಚಪ್ಪಲಿ ತಿರುವುವುದನ್ನು ನೋಡಿಬಿಟ್ಟಿದ್ದರು. ಸೊಸೆ ನಿಮ್ಮ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದಾಳೆ, ಕುರ್ಚಿಯ ಮೇಲೆ ಕಣ್ಣಿದೆ ಎಂದು ಮಾವನಿಗೆ ವರದಿ ಹೋಯಿತು. ಅಂದಿನಿಂದ ಮಾವ ಚಪ್ಪಲಿಯನ್ನು ತಮ್ಮ ಮಂಚದ ಕೆಳಗೆ ಇಡತೊಡಗಿದರು.

ನಾಲ್ಕನೆಯ ದಿನವೂ ಅದೇ ಮಂಜು, ರಿಜಿಸ್ಟರಿನಲ್ಲಿ ಅದೇ ಸಾಲು. ಅಂದು ಮಳೆ ಬರುವ ಮುನ್ನ ಆಚೆ ದಂಡೆಯಲ್ಲಿ ಓಡಾಟ ಕಂಡಿತು. ಮುನ್ಸೂಚನೆ ನಂಬುವ ಜನವೂ ಇದ್ದಾರೆ. ಗೋದಾಮಿನ ಮಾಲೀಕ ಗೋಡೆಯ ಗಾರೆ ಬಿದ್ದ ಕಡೆ ನೀರು ಇಳಿಯಬಾರದೆಂದು ನದಿಯ ಕಡೆಯ ಗೋಡೆಗೆ ಮೇಲಿನಿಂದ ಕೆಳಗಿನವರೆಗೆ ನೀಲಿ ಟಾರ್ಪಾಲು ಹೊದಿಸಿದ. ಮಧ್ಯಾಹ್ನದ ಬಿಸಿಲಲ್ಲಿ ಅದನ್ನು ನಾನು ನೋಡಿದೆ. ಮಾವ ಆಗ ಮನೆಯಲ್ಲಿ ಮಲಗಿದ್ದರು. ಸಂಜೆ ಮಳೆ ಹಿಡಿಯಿತು, ಗಾಳಿ ತಣ್ಣಗಾಗಿ ಎಲುಬಿಗೆ ತಾಗುವಂತೆ ಬೀಸಿತು.

ಮರುದಿನ ಬೆಳಿಗ್ಗೆ ಮಳೆ ನಿಂತು ಮಂಜು ಇಳಿದಿತ್ತು. ನನ್ನ ಗಂಡ ಎಂದಿನಂತೆ ಐದೂವರೆಗೇ ಹೊರಟ. ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಅತ್ತೆ ಎಲ್ಲಿಗೆ ಎಂದು ಕೇಳಿದರೆ ಛತ್ರಿ ಮರೆತು ಬಂದಿದ್ದೇನೆ ಎಂದು ಸುಳ್ಳು ಹೇಳಿ ಕೇಂದ್ರಕ್ಕೆ ನಡೆದೆ. ರಸ್ತೆಬದಿಯ ಬೇಲಿ ಹಿಡಿದುಕೊಂಡೇ ದಿಬ್ಬ ಹತ್ತಿದೆ.

ಮಾವ ಗೆರೆಯ ಮೇಲೆ ನಿಂತಿದ್ದರು. ಕೊರೆಯುವ ಚಳಿಯಲ್ಲಿ, ಕೈ ಹಿಂದೆ ಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿ ನದಿಯ ಕಡೆ ನೋಡುತ್ತಿದ್ದರು. ಕುರ್ಚಿಯೂ ಇಲ್ಲ, ಮ್ಯಾನೇಜರೂ ಇಲ್ಲ. ನಾನು ಪಕ್ಕದಲ್ಲಿ ಹೋಗಿ ನಿಂತೆ. ನನಗೆ ಗೋದಾಮು ಹಾಗಿರಲಿ, ಇನ್ನೂರು ಮೀಟರಿನ ದೀಪದ ಕಂಬವೂ ಕಾಣಲಿಲ್ಲ. ಎಲ್ಲವೂ ಬೆಳ್ಳಗೆ. ಕೆಳಗೆ ಎಲ್ಲೋ ಲಾಂಚಿನ ಎಂಜಿನ್ನು ಗುಡುಗುಡು ಎನ್ನುತ್ತಿತ್ತು.

ಏನು ಕಾಣುತ್ತಿದೆ ಎಂದು ಕೇಳಿದೆ. ಗೋದಾಮು ಕಾಣುತ್ತಿದೆ, ಟ್ಯಾಂಕು ಮಸುಕು ಎಂದರು. ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಅವರ ಮುಖ ನೋಡಿದೆ. ಸುಳ್ಳು ಹೇಳುವವರ ಮುಖವಲ್ಲ ಅದು. ಅವರಿಗೆ ನಿಜವಾಗಿಯೂ ಕಾಣುತ್ತಿತ್ತು. ನನಗೆ ಅದುವರೆಗೂ ಆಗದಿದ್ದಷ್ಟು ಭಯ ಆಗ ಆಯಿತು.

"ಮಾವ, ಗೋದಾಮಿನ ಗೋಡೆ ಯಾವ ಬಣ್ಣ ಕಾಣ್ತಿದೆ?"

"ಬಿಳಿ. ಬಲಗಡೆ ಗಾರೆ ಬಿದ್ದಿದೆ. ಇಷ್ಟು ವರ್ಷದಿಂದ ನೋಡ್ತಿದ್ದೀನಿ, ನನ್ನನ್ನೇ ಪರೀಕ್ಷೆ ಮಾಡ್ತೀಯಾ?"

"ನಿನ್ನೆ ಮಧ್ಯಾಹ್ನ ಆ ಗೋಡೆಗೆ ಪೂರ್ತಿ ನೀಲಿ ಟಾರ್ಪಾಲು ಹೊದಿಸಿದ್ದಾರೆ ಮಾವ. ಬಿಳಿ ಒಂದು ಚೂರೂ ಕಾಣಲ್ಲ."

ಅವರು ನನ್ನನ್ನು ನೋಡಿದ ರೀತಿ ನನಗೆ ಗೊತ್ತು, ಹಾಲಿನವಳನ್ನು ನೋಡುವ ರೀತಿ. ಒಳಗೆ ಹೋಗಿ ಆಚೆ ದಂಡೆಯ ಟಿಕೆಟ್ ಗುಮಾಸ್ತನಿಗೆ ಫೋನು ಮಾಡಿದರು. ನಿಮ್ಮ ಪಕ್ಕದ ಗೋದಾಮಿನ ಗೋಡೆ ಯಾವ ಬಣ್ಣ ಎಂದು ಕೇಳಿದರು. ಗುಮಾಸ್ತನ ದನಿ ನನಗೂ ಕೇಳಿಸಿತು. ಈ ಮಂಜಲ್ಲಿ ನನ್ನ ಕೈಯೇ ನನಗೆ ಕಾಣ್ತಿಲ್ಲ ಸಾರ್, ಆದರೆ ನಿನ್ನೆ ಮಧ್ಯಾಹ್ನ ನೀಲಿ ಟಾರ್ಪಾಲು ಹಾಕಿದರು ಎಂದ. ಮಾವ ಫೋನು ಇಟ್ಟರು. ಮತ್ತೆ ಅಂಗಳಕ್ಕೆ ಹೋಗಿ ಗೆರೆಯ ಮೇಲೆ ನಿಂತು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಈಗಲೂ ಬಿಳೀನೇ ಕಾಣ್ತಿದೆಯಲ್ಲೇ," ಎಂದರು. ಆ ದನಿ ಕೇಳಿ ನನಗೆ ಅಳು ಬಂತು. ಅವರ ಚಪ್ಪಲಿ ತಿರುವಿದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಒಳಗೆ ಲಾಂಚು ಕಚೇರಿಯ ಫೋನು ಬಡಿದುಕೊಳ್ಳತೊಡಗಿತು. ಮಾವ ಎತ್ತಿ, "ಇವತ್ತು ನನ್ನ ಮಾತು ಹಿಡೀಬೇಡಿ, ನನ್ನ ಸೊಸೆ ಹೇಳ್ತಾಳೆ," ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. ಇನ್ನೂರು ಮೀಟರಿಗಿಂತ ಕಡಿಮೆ ಎಂದೆ. ಸ್ವಲ್ಪ ಹೊತ್ತಿಗೆ ಕೆಳಗಿನ ಗುಡುಗುಡು ನಿಂತಿತು.

ಲಾಂಚು ಯಾಕೆ ನಿಂತಿತೆಂದು ಕೇಳಲು ನನ್ನ ಗಂಡ ದಿಬ್ಬ ಹತ್ತಿ ಬಂದ. ಮಾವ ಅವನನ್ನು ಎದುರಿಗೆ ಕೂರಿಸಿಕೊಂಡರು. ಯಾರಿಗೂ ತಪ್ಪು ಒಪ್ಪಿಕೊಂಡು ಅಭ್ಯಾಸವಿಲ್ಲದ ಮನುಷ್ಯ, ಮೊದಲು ನೀರು ಕುಡಿದರು. ಆಮೇಲೆ ಎಲ್ಲವನ್ನೂ ಹೇಳಿದರು. ಮೂವತ್ತೊಂದು ವರ್ಷ ನೋಡಿ ನೋಡಿ ಗೋದಾಮು ತಲೆಯೊಳಗೇ ಕೂತುಬಿಟ್ಟಿದೆ, ಕಣ್ಣು ಮಂಜನ್ನು ನೋಡುತ್ತಿದ್ದರೂ ತಲೆ ಗೋದಾಮನ್ನು ತಂದು ಮುಂದಿಡುತ್ತಿದೆ, ಎಷ್ಟು ದಿನದಿಂದ ಹೀಗಿದೆಯೋ ಗೊತ್ತಿಲ್ಲ, ಈ ನಾಲ್ಕು ದಿನವಂತೂ ನಿನ್ನನ್ನು ಕಣ್ಣು ಕಟ್ಟಿ ನದಿಗೆ ಬಿಟ್ಟಿದ್ದೇನೆ ಎಂದರು.

ನನ್ನ ಗಂಡ ತಲೆ ತಗ್ಗಿಸಿದ. "ಗೊತ್ತಿತ್ತು ಅಪ್ಪಾ," ಎಂದ.

ಮಾವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ಮೊದಲನೇ ದಿನವೇ ಗೊತ್ತಾಯ್ತು. ಏನೂ ಕಾಣ್ತಿರಲಿಲ್ಲ. ನೀವು ಬರೆದದ್ದನ್ನ ನಾನೇ ಇಲ್ಲ ಅಂದರೆ ಕೆಲಸದ ಕೊನೇಲಿ ನಿಮ್ಮ ಮರ್ಯಾದೆ ಏನಾಗ್ಬೇಕು? ಹಾರ್ನ್ ಹೊಡ್ಕೊಂಡು ನಿಧಾನಕ್ಕೆ ಹೋಗ್ತಿದ್ದೆ."

"ನಲವತ್ತು ಜನ ಹತ್ತಿದ್ರಲ್ಲೋ," ಎಂದರು ಮಾವ. ಎದ್ದು ರಿಜಿಸ್ಟರು ತೆರೆದು, ಹಿಂದಿನ ನಾಲ್ಕು ದಿನದ ಸಾಲುಗಳ ಮುಂದೆ ಒಂದೊಂದಾಗಿ ಕೆಂಪು ಶಾಯಿಯಲ್ಲಿ ನಂಬತಕ್ಕದ್ದಲ್ಲ ಎಂದು ಬರೆದು ಸಹಿ ಹಾಕಿದರು. ಬೆಳಗಿನ ವೀಕ್ಷಣೆ ಇನ್ನು ಮುಂದೆ ಸೊಸೆ ಮಾಡಲಿ ಎಂದು ಪ್ರಾದೇಶಿಕ ಕಚೇರಿಗೆ ಕಾಗದವನ್ನೂ ಅಂದೇ ಕಳಿಸಿದರು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಕಣ್ಣಿನಲ್ಲಿ ಏನೂ ದೋಷವಿಲ್ಲ ಎಂದರು. ಮಾವ ಆ ಡಾಕ್ಟರನ್ನು ನಂಬದೆ ಇನ್ನೊಬ್ಬರ ಹತ್ತಿರ ಹೋದರು, ಅವರೂ ಅದನ್ನೇ ಹೇಳಿದರು.

ಈಗ ಬೆಳಗಿನ ಗೆರೆಯ ಮೇಲೆ ನಿಲ್ಲುವವಳು ನಾನು. ಮಾವ ನಿವೃತ್ತರಾಗಿ ಮನೆಯಲ್ಲಿದ್ದಾರೆ, ಹಾಲಿನವಳ ಮೇಲೆ ಅದೇ ಅನುಮಾನ, ನನ್ನ ಮೇಲೆ ಮಾತ್ರ ಇಲ್ಲ. ನನಗಂತೂ ಆ ಮನೆಯಲ್ಲಿ ಈಗ ಒಬ್ಬರ ಮೇಲೆಯೇ ಅನುಮಾನ. ಮಧ್ಯಾಹ್ನ ನನ್ನ ಗಂಡ ಊಟಕ್ಕೆ ಕೂತು, ಇವತ್ತು ನದಿಯಲ್ಲಿ ಏನೂ ತೊಂದರೆಯಾಗಲಿಲ್ಲ, ನೀನು ಹೇಳಿದ ಹಾಗೇ ಇತ್ತು ಎಂದು ನಗುತ್ತಾನಲ್ಲ, ಆಗ ನಾನು ಬಡಿಸುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡುತ್ತೇನೆ.