ಟೇಲರನ ಟೇಪು

ಆ ಟೇಲರ್ ಹೊಲಿದ ಕೋಟನ್ನು ಗೂಟಕ್ಕೆ ನೇತುಹಾಕಿದರೆ ಗೂಟಕ್ಕೇ ಹೆಣ್ಣು ಕೊಡಲು ಜನ ಬರುತ್ತಿದ್ದರು. ಸುಳ್ಳಲ್ಲ, ಒಬ್ಬರಂತೂ ಹುಡುಗನಿಗೆ ಸಂಬಳ ಎಷ್ಟು ಎಂದು ವಿಚಾರಿಸಿಯೇ ಹೋದರು. ಇಷ್ಟು ಹೆಸರು ಮಾಡಿದವನಿಗೆ ತನ್ನ ಕೈಯಲ್ಲೂ ತಪ್ಪಾದೀತು ಎಂಬುದು ಕನಸಿನಲ್ಲೂ ಸುಳಿಯುತ್ತಿರಲಿಲ್ಲ.

ಅಂಗಡಿಯ ಮುಂಭಾಗದಲ್ಲಿ ಗಿರಾಕಿಯ ಅಳತೆ ತೆಗೆಯುವುದು ಅವನು. ಹಿಂದಿನ ಮೇಜಿನಲ್ಲಿ ಬಟ್ಟೆ ಕತ್ತರಿಸುವುದು ಹೆಂಡತಿಯ ತಮ್ಮ. ಇವನು ಎದೆ ನಲವತ್ತು ಎಂದು ಕೂಗಿದರೆ ಅವನು ಅಷ್ಟಕ್ಕೆ ಗೆರೆ ಎಳೆಯುತ್ತಿದ್ದ. ಭಾವಮೈದನಿಗೆ ಮಾತು ಎಷ್ಟು ಕಡಿಮೆ ಎಂದರೆ, ಸೀನಿದರೂ ಸದ್ದು ಬರುತ್ತಿರಲಿಲ್ಲ.

ಆ ವರ್ಷ ಹೊಲಿದ ಅಂಗಿಗಳೆಲ್ಲ ಬಿಗಿಯಾಗತೊಡಗಿದವು. ಟೇಲರ್ ಮೊದಲು ತಪ್ಪನ್ನು ಗಿರಾಕಿಗಳ ಹೊಟ್ಟೆಯ ಮೇಲೆ ಹಾಕಿದ. ಬ್ಯಾಂಕಿನ ಗುಮಾಸ್ತರಿಗೆ ಊಟ ಕಡಿಮೆ ಮಾಡಿ ಎಂದು ಬುದ್ಧಿ ಹೇಳಿದ. ಪಾಪ, ಅವರು ಆಗಷ್ಟೇ ಜ್ವರದಿಂದ ಎದ್ದು ಬಂದಿದ್ದರು. ಕೊನೆಗೊಂದು ದಿನ ಮೇಷ್ಟ್ರ ಕೋಟಿನ ಗುಂಡಿ ಹಾರಿ ಕನ್ನಡಿಗೆ ಬಡಿಯಿತು. ಅಂಗಡಿ ತುಂಬ ಜನ. ಇವನ ಸಿಟ್ಟು ನೆತ್ತಿಗೇರಿತು.

"ಬಟ್ಟೆ ಕದೀತಿದೀಯ ಕಣೋ ನೀನು," ಎಂದುಬಿಟ್ಟ.

ಭಾವಮೈದ ಕತ್ತರಿ ಕೆಳಗಿಟ್ಟು, ತನ್ನ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಹೊರಟುಹೋದ. ಮನೆಯಲ್ಲಿ ಹೆಂಡತಿಯ ಮುಂದೆಯೂ ಟೇಲರ್ ಅದನ್ನೇ ಹೇಳಿದ. ಅವಳು ಗಂಡನ ಮಾತು ನಂಬಿ, ತಮ್ಮನ ಮನೆಯ ಕಡೆ ತಲೆ ಹಾಕುವುದನ್ನೇ ಬಿಟ್ಟಳು.

ಆಮೇಲೆ ಅಳತೆಯೂ ಕತ್ತರಿಯೂ ಒಬ್ಬನದೇ. ಅಂಗಿಗಳು ಹೇಳಿ ಮಾಡಿಸಿದ ಹಾಗೆ ಕೂತವು. ಇನ್ನೇನು ಸಾಕ್ಷಿ ಬೇಕು? ಕಳ್ಳ ಹೋದ, ಬಟ್ಟೆ ಉಳಿಯಿತು ಎಂದು ಬಂದವರಿಗೆಲ್ಲ ಸಾರಿದ.

ಹಳೆಯ ಟೇಪಿನ ಅಂಕಿಗಳು ಸವೆದಾಗ ಹೊಸದೊಂದು ತಂದ. ಪಕ್ಕದಲ್ಲಿ ಹಾಸಿ ನೋಡಿದರೆ ಹಳೆಯದು ಎರಡು ಬೆರಳು ಉದ್ದ! ಹೊಸದೇ ಮೋಸದ್ದು ಎಂದು ಮಾರಿದವನ ಜೊತೆ ಜಗಳಕ್ಕೆ ಹೋದ. ಆತ ಅಂಗಡಿಯ ಟೇಪುಗಳನ್ನೆಲ್ಲ ಬಿಚ್ಚಿ, ಕಬ್ಬಿಣದ ಅಳತೆಪಟ್ಟಿಯನ್ನೂ ಪಕ್ಕಕ್ಕಿಟ್ಟ. ಎಲ್ಲವೂ ಒಂದೇ ಸಮ, ಟೇಲರನದೊಂದು ಬಿಟ್ಟು. ಎಳೆದೂ ಎಳೆದೂ ಅದು ಹಿಗ್ಗಿಹೋಗಿತ್ತು. ನಲವತ್ತೊಂದರ ಎದೆಯನ್ನು ನಲವತ್ತು ಎನ್ನುತ್ತಿತ್ತು. ಭಾವಮೈದ ತನ್ನ ಸರಿಯಾದ ಟೇಪಿನಲ್ಲಿ ಆ ನಲವತ್ತಕ್ಕೇ ಕತ್ತರಿಸುತ್ತಿದ್ದ. ತಾನೊಬ್ಬನೇ ಆದಮೇಲೆ ಹಿಗ್ಗಿದ ಟೇಪಿನಲ್ಲೇ ಅಳೆದು ಅದರಲ್ಲೇ ಕತ್ತರಿಸಿದ್ದರಿಂದ ಅಂಗಿ ಸರಿಬಂದಿತ್ತು. ಸಾಕ್ಷಿ ಅಂದುಕೊಂಡದ್ದೂ ಅದೇ ತಪ್ಪಿನ ಮರಿ!

ಭೂಮಿ ಬಾಯಿಬಿಟ್ಟಿದ್ದರೆ ಟೇಲರ್ ಒಳಗಿಳಿದುಬಿಡುತ್ತಿದ್ದ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂದದ್ದಕ್ಕೇ ಇನ್ನಷ್ಟು ನಾಚಿಕೆಯಾಯಿತು. ಭಾವಮೈದ ಈಗ ಕೆಲಸ ಮಾಡುತ್ತಿದ್ದ ಅಂಗಡಿಗೆ ಹೋಗಿ, ಗಿರಾಕಿಗಳ ಎದುರೇ ತಲೆ ತಗ್ಗಿಸಿ ನಿಂತ.

"ನೀನು ಕದ್ದಿರ್ಲಿಲ್ಲ. ನನ್ನ ಟೇಪೇ ಹಿಗ್ಗಿತ್ತು. ನಾನು ಒಂದ್ಸಲನೂ ಅದನ್ನ ನೋಡ್ಕೊಳ್ಲಿಲ್ಲ."

ಭಾವಮೈದ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ಅಕ್ಕಂಗೆ ಹೇಳಿದ್ರಾ ಭಾವ?"

"ಇನ್ನೂ ಇಲ್ಲ."

"ಮೊದ್ಲು ಅವಳಿಗೆ ಹೇಳಿ. ಇವರೆಲ್ಲ ನಂಗೇನಾಗ್ಬೇಕು?"

ಮನೆಯಲ್ಲಿ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಟೇಲರ್ ಬಕೆಟ್ಟಿನಿಂದ ಒಂದೊಂದೇ ಎತ್ತಿಕೊಡುತ್ತ, ಅವಳ ಮುಖ ನೋಡಲಾರದೆ, ಎಲ್ಲವನ್ನೂ ಹೇಳಿದ. ಅವಳು ಬೈಯಲಿಲ್ಲ. ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ತಮ್ಮನ ಮನೆಗೆ ಹೊರಟಳು. ನೀವೂ ಬನ್ನಿ ಎನ್ನಲಿಲ್ಲ.