ತಂಗಿಗೆ ಕೊಟ್ಟ ಉದಾಹರಣೆ

ನಾನು ಸೇಡಂನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಶುರುಮಾಡಿ ಇಪ್ಪತ್ತು ವರ್ಷವಾಯಿತು. ನನ್ನ ಪಾಠದ ಬಗ್ಗೆ ಅವ್ವ ಒಮ್ಮೆಯೂ ಕೇಳಿದವಳಲ್ಲ. ಕಲಬುರಗಿಯಲ್ಲಿ ಸಂಶೋಧನೆ ಮಾಡುವ ತಂಗಿ ಬಂದರೆ ಮಾತ್ರ ನೆರೆಮನೆಯ ಹಿರಿಯಾಕೆ ಆಪಾರನ್ನೂ ಕರೆದು ಕೂರಿಸಿಕೊಂಡು ಕೇಳುತ್ತಾಳೆ. ಆ ಭಾನುವಾರ ನಾನು ರೈಲಿಳಿದು ಶಹಾಬಾದದ ತವರುಮನೆಗೆ ಬಂದಾಗಲೂ ಅದೇ ದರ್ಬಾರು ನಡೆದಿತ್ತು. ನಾನು ಸೀದಾ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದೆ.

"ಔಷಧಾನ ಜೀವಕೋಶದ ಒಳಗ ಒಯ್ಯೋ ಪಾಲಿಮರ್ ಅದಬೇ. ಕೆಲಸ ಮುಗದ ಮ್ಯಾಲ ತಾನೇ ಕರಗಿ ಹೋಗ್ತದ," ಎನ್ನುತ್ತಿದ್ದಳು ತಂಗಿ.

"ಕರಗೂದಾದ್ರ ಹಾದ್ಯಾಗೇ ಯಾಕ ಕರಗಂಗಿಲ್ಲ, ಬೇಟಾ?" ಎಂದರು ಆಪಾ.

ತಂಗಿ ಪಿಎಚ್ ಎಂದಳು, ಎಂಡೋಸೋಮ್ ಎಂದಳು.

"ಏನೂ ತಿಳಿಲಿಲ್ಲ ನೋಡು, ಬೇಟಾ," ಎಂದರು ಆಪಾ.

"ಮುಂದಿನ ವಾರ ಚಿತ್ತಾಪುರದ ಕಾಲೇಜಿನಾಗ ಭಾಷಣ ಅದ. ಅಲ್ಲೂ ಹಿಂಗೇ ಆದ್ರ ಹ್ಯಾಂಗ್ರಿ ಆಪಾ?"

ನನಗೆ ಒಳಗೊಳಗೇ ಹಿತವಾಯಿತು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಎರಡು ರೊಟ್ಟಿ ಬೇಯುವವರೆಗೂ ಹೇಳಲಿಲ್ಲ. ಆಮೇಲೆ ತಂಗಿಯ ಮೇಲಿನ ಪ್ರೀತಿಯಿಂದ ಎದ್ದೆನೆಂದು ಬರೆದರೆ ಸುಳ್ಳಾದೀತು. ಅವ್ವನೆದುರು ನಾನೂ ಒಮ್ಮೆ ಹೇಳಬೇಕಿತ್ತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

"ಆಪಾ, ನಿಮ್ಮ ಅಂಗಳಕ್ಕ ಹಾಸಿದ ಪರ್ಸಿ ಕಲ್ಲಿಗೆ ನೀರು ಬಿದ್ರ ಏನಾಗ್ತದ್ರಿ?"

"ಏನಾಗ್ತದ? ದಿನಾ ತೊಳೀತೀನಿ."

"ನಿಂಬಿರಸ ಬಿದ್ರ?"

"ಯಾ ಅಲ್ಲಾ! ಬುರುಬುರು ನೊರಿ ಬಂದು ಕಲ್ಲು ತಿಂತದ. ಈದಿಗೆ ಶರಬತ್ತು ಚೆಲ್ಲಿದ್ದ ಕಲೆ ಇನ್ನೂ ಹೋಗಿಲ್ಲ."

"ರಕ್ತ ಅಂದ್ರ ಆ ನೀರಿದ್ದಂಗ. ಅದರಾಗ ಪಾಲಿಮರ್ ಗಟ್ಟಿ ಇರ್ತದ. ಜೀವಕೋಶ ಅದನ್ನ ನುಂಗಿ ಒಂದು ಸಣ್ಣ ಚೀಲದಾಗ ಇಟ್ಕೋತದ. ಆ ಚೀಲದಾಗ ಹುಳಿ ಇರ್ತದ. ಅಲ್ಲೇ ಒಡದು ಔಷಧ ಬಿಡ್ತದ."

"ಅಬ್ ಸಮಝೀ! ಈಗ ತಿಳೀತು!" ಆಪಾ ಚಪ್ಪಾಳೆ ತಟ್ಟಿದರು.

"ನೋಡ್ರಿ ಆಪಾ, ನನ್ನ ಸಣ್ಣ ಮಗಳ ಕೆಲಸ ಎಷ್ಟ್ ಛಂದ ಅದ!" ಎಂದಳು ಅವ್ವ.

ತಂಗಿ ಆಗಲೇ ಬರೆದುಕೊಳ್ಳುತ್ತಿದ್ದಳು. "ಅಕ್ಕಾ, ಇದನ್ನ ಚಿತ್ತಾಪುರದಾಗ ಹೇಳ್ಲೇನು?"

ಬೇಡ ಎನ್ನುವ ಆಸೆಯಾಯಿತು. "ಹೇಳು. ಅಕ್ಕ ಹೇಳಿಕೊಟ್ಟಿದ್ದು ಅಂತನೂ ಹೇಳು."

ಅವ್ವ ನಕ್ಕಳು. "ಅದಕ್ಕೂ ಹಾಜರಿ ಹಾಕಬೇಕೇನು, ಟೀಚರಮ್ಮ?"

"ಹಾಕಬೇಕಬೇ. ಈ ಮನ್ಯಾಗ ನಂದು ಇಪ್ಪತ್ತು ವರ್ಷದ ಗೈರುಹಾಜರಿ ಅದ."

ಅವ್ವನ ನಗು ನಿಂತಿತು. ನನ್ನತ್ತ ತಿರುಗಿ, "ಸಾಲ್ಯಾಗ ಹುಡುಗರಿಗೂ ಹಿಂಗೇ ಹೇಳ್ತಿಯೇನು?" ಎಂದು ಕೇಳಿದಳು.

ಉತ್ತರ ಕೊಡುವ ಮೊದಲು, ತಂಗಿಗೆ ಆ ಪ್ರಶ್ನೆ ಕೇಳಿಸಿತೋ ಇಲ್ಲವೋ ಎಂದು ಅವಳತ್ತ ನೋಡಿದೆ.