ಜೀಪಿನ ಮೇಲೊಂದು ಕೊಸರು

ಹಾಸನದ ಶೋರೂಮಿನಲ್ಲಿ ನನ್ನ ಮುಂದೆ ಕಾಗದದ ಲೋಟದಲ್ಲಿ ಕಾಫಿ ತಂದಿಟ್ಟರು. ಹೊಸ ಸೀಟಿನ ವಾಸನೆ, ಅದರ ಜೊತೆಗೆ ಚಿಕೋರಿ ಹೆಚ್ಚಾದ ಕಾಫಿಯ ವಾಸನೆ. ಇವೆರಡೂ ಒಟ್ಟಿಗೆ ನನ್ನ ಮೂಗಿಗೆ ಬಡಿದದ್ದು ಆಯುಷ್ಯದಲ್ಲಿ ಎರಡನೆಯ ಸಲ. ಮೊದಲ ಸಲ ನನಗೆ ಹದಿನೆಂಟು ವರ್ಷ. ಒಂದು ಪಕ್ಕದಲ್ಲಿ ಅಪ್ಪ, ಇನ್ನೊಂದು ಪಕ್ಕದಲ್ಲಿ ಅವ್ವ. ಅಪ್ಪ ಆ ಕಾಫಿಯನ್ನು ಒಂದು ಗುಟುಕು ಕುಡಿದು, ಒಂದೇ ಒಂದು ಮಾತಾಡಿ, ನಮ್ಮೆಲ್ಲರ ನಾಟಕವನ್ನು ಬಯಲು ಮಾಡಿಬಿಟ್ಟಿದ್ದರು. ಆ ಕಥೆಯನ್ನು ಹೇಳುತ್ತೇನೆ. ಅದಕ್ಕೆ ಮುಂಚೆ ನಾನು ಕೊಳ್ಳಲು ಹೋಗಿದ್ದ ಈ ಹೈಬ್ರಿಡ್ ಕಾರಿನ ವಿಷಯ ಸ್ವಲ್ಪ ಕೇಳಿ.

ಶೋರೂಮಿನ ಕಾವ್ಯ ಎಂಬ ಹುಡುಗಿ ನನಗೆ ಕಾರನ್ನು ತೋರಿಸುತ್ತಿದ್ದಳು. "ಮೇಡಂ, ಇದ್ರಲ್ಲಿ ಎರಡು ಶಕ್ತಿ. ಪೆಟ್ರೋಲೂ ಇದೆ, ಬ್ಯಾಟರಿನೂ ಇದೆ. ಎಲ್ಲಿ ಯಾವುದು ಬೇಕು ಅಂತ ಕಾರೇ ತೀರ್ಮಾನ ಮಾಡುತ್ತೆ" ಎಂದಳು. ನಾನು ಬೆರಗಾದವಳ ಹಾಗೆ ತಲೆಯಾಡಿಸಿದೆ, ಒಳಗೊಳಗೇ ನಗು. ನಮ್ಮ ವನಗೂರಿನಲ್ಲಿ ಎರಡು ಶಕ್ತಿಯ ವಾಹನ ತೊಂಬತ್ತರ ದಶಕದಲ್ಲೇ ಓಡಾಡುತ್ತಿತ್ತು. ನಮ್ಮ ಮನೆಯ ಹಳೆಯ ಜೀಪು ಅರ್ಧ ಡೀಸೆಲ್ಲಿನಿಂದ, ಇನ್ನರ್ಧ ಹಿಂದಿನಿಂದ ತಳ್ಳುವ ಜನರಿಂದ ನಡೆಯುತ್ತಿತ್ತು. ಎಲ್ಲಿ ಯಾವುದು ಬೇಕು ಎಂದು ಅದೂ ತಾನೇ ತೀರ್ಮಾನ ಮಾಡುತ್ತಿತ್ತು.

ಆ ಜೀಪನ್ನು ಅಪ್ಪ ಯಾರದೋ ಎಸ್ಟೇಟಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದರು. ಅಪ್ಪನಿಗೆ ಅದರ ಮೇಲೆ ಬಹಳ ಮೋಹ. ಏರಿನಲ್ಲಿ ಅದು ನಿಂತರೆ "ಉಸಿರು ತಗೊಳ್ತಾ ಐತೆ, ಬುಡು" ಎನ್ನುತ್ತಿದ್ದರು. ನಮ್ಮ ತೋಟ ಹನ್ನೆರಡು ಎಕರೆ. ಕಾಫಿ, ನಡುವೆ ಒಂದಿಷ್ಟು ಏಲಕ್ಕಿ, ಮೆಣಸು. ಮನೆಯಿಂದ ಡಾಂಬರು ರಸ್ತೆ ಸೇರಲು ಒಂದು ಕಡಿದಾದ ಏರು ಹತ್ತಬೇಕು. ಜೀಪಿಗೆ ಆ ಏರಿನ ಅರ್ಧಕ್ಕೆ ಬಂದಾಗ ಉಸಿರು ತೆಗೆದುಕೊಳ್ಳುವ ಅಭ್ಯಾಸ. ತೋಟದ ಕೆಲಸದವರ ಮನೆಸಾಲಾದ ಲೈನಿನಿಂದ ಜನ ಬಂದು ತಳ್ಳುತ್ತಿದ್ದರು. ತಳ್ಳಿದವರನ್ನೆಲ್ಲ ಹತ್ತಿಸಿಕೊಂಡು ಹೋಗಬೇಕು ಎಂಬುದು ಅಪ್ಪನ ನಿಯಮ. ಅವರೆಲ್ಲ ಹತ್ತಿದ ಮೇಲೆ ಭಾರ ಹೆಚ್ಚಾಗಿ ಅದು ಮತ್ತೆ ನಿಲ್ಲುತ್ತಿತ್ತು.

ಇದನ್ನೆಲ್ಲ ಈಗ ನಗುತ್ತಾ ಹೇಳುತ್ತಿದ್ದೇನೆ. ನನ್ನ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪರೀಕ್ಷೆಯ ದಿನ ಅದು ಅದೇ ಜಾಗದಲ್ಲಿ ನಿಂತಾಗ ಯಾರಿಗೂ ನಗು ಬರಲಿಲ್ಲ. ತಳ್ಳಿದರು, ಹಗ್ಗ ಕಟ್ಟಿ ಎಳೆದರು. ನಾನು ಇಳಿದು ರಸ್ತೆಯವರೆಗೆ ಓಡಿದೆ. ಬೆಳಗಿನ ಬಸ್ಸು ಹೋಗಿಯಾಗಿತ್ತು. ಅಪ್ಪನೂ ನಾನೂ ಮುಂದಿನ ಬಸ್ಸು ಹಿಡಿದು ಸಕಲೇಶಪುರದ ಕಾಲೇಜಿನ ಗೇಟು ಮುಟ್ಟುವಷ್ಟರಲ್ಲಿ ಒಳಗೆ ಬಿಡುವ ಹೊತ್ತು ಮೀರಿತ್ತು. ಗೇಟಿನ ಹೊರಗೆ ಹಾಲ್ ಟಿಕೆಟ್ ಹಿಡಿದುಕೊಂಡು ಅತ್ತೆ. ಅಪ್ಪ ಸ್ವಲ್ಪ ದೂರದಲ್ಲಿ ನಿಂತು ಚಪ್ಪಲಿ ನೋಡಿಕೊಳ್ಳುತ್ತಿದ್ದರು.

ಮನೆಯಲ್ಲಿ ಅಜ್ಜಿಗೆ ಇದು ದೇವರೇ ಕೊಟ್ಟ ಅವಕಾಶ. ಬೆಳಗೋಡಿನ ಕಡೆಯ ಒಬ್ಬ ಗಂಡಿನ ವಿಷಯ ಅವರ ತಲೆಯಲ್ಲಿ ಆಗಲೇ ಇತ್ತು. "ಓದಿದ್ದು ಸಾಕು ಅಂತ ಜೀಪೇ ಹೇಳ್ಬುಡ್ತಲ್ಲ. ಇನ್ಯಾಕೆ ಎಳೀತೀರಾ, ಮದುವೆ ಮಾಡಿ" ಎಂದರು. ಅವ್ವ ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವತ್ತೂ ಜೋರಾಗಿ ಮಾತಾಡಲಿಲ್ಲ. ತಲೆ ತಗ್ಗಿಸಿ ಬೀನ್ಸ್ ಬಿಡಿಸುತ್ತಲೇ, "ಅಕ್ಟೋಬರಲ್ಲಿ ಇನ್ನೊಂದು ಪರೀಕ್ಷೆ ಐತಂತೆ ಅತ್ತೆ. ಅದೊಂದು ಬರೀಲಿ. ಆಗ್ಲಿಲ್ಲ ಅಂದ್ರೆ ನೀವು ಹೇಳ್ದಂಗೆ ಆಗ್ಲಿ" ಎಂದರು. ಅಜ್ಜಿ ಒಪ್ಪಿದರು. ಅಕ್ಟೋಬರ್ ಅಂದರೆ ಮಳೆಗಾಲ ಪೂರ್ತಿ ಕಳೆದು, ಏರು ಕೊಚ್ಚಿಹೋಗಿ, ಕೆಸರು ಆರದ ಕಾಲ. ಆ ಜೀಪಿನ ಮೇಲೆ ಅಜ್ಜಿಗೆ ಪೂರ್ತಿ ಭರವಸೆ ಇತ್ತು.

ಆ ವರ್ಷ ಕಾಫಿಗೆ ಯಾರೂ ಕನಸಿನಲ್ಲಿ ಕಾಣದ ಬೆಲೆ ಬಂತು. ಸಕಲೇಶಪುರದ ಬೀದಿಯಲ್ಲಿ ಹೊಸ ಕಾರುಗಳು ಶುರುವಾದವು. ಗ್ಯಾರೇಜು ಕಟ್ಟುವ ಮೊದಲೇ ಕಾರು ತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದವರಿದ್ದರು. ಅವ್ವ ಒಂದು ದಿನ ಊಟಕ್ಕೆ ಬಡಿಸುತ್ತಾ, "ಹೊಸ ಜೀಪು ತಗಳನ" ಎಂದರು. ಅಪ್ಪ ಅನ್ನ ಕಲೆಸುವುದನ್ನು ನಿಲ್ಲಿಸಿದರು. ಅವ್ವನ ಲೆಕ್ಕಾಚಾರದಲ್ಲಿ ಇನ್ನೊಂದು ಬಾಬ್ತೂ ಇತ್ತು. ಚೌಕಾಸಿ ಮಾಡಿ ಜೀಪಿನ ಬೆಲೆಯಲ್ಲಿ ಎಷ್ಟು ಇಳಿಸುತ್ತೇವೋ ಅಷ್ಟಕ್ಕೆ ಅವ್ವನಿಗೆ ಕರೆಂಟಿನ ಗ್ರೈಂಡರ್. ಅಪ್ಪ ಗ್ರೈಂಡರ್ ತರುತ್ತೇನೆಂದು ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಅವ್ವ ದೋಸೆ ಹಿಟ್ಟಿನಿಂದ ಹಿಡಿದು ಸಾರಿನ ಖಾರದವರೆಗೆ ಎಲ್ಲವನ್ನೂ ಕಲ್ಲಿನಲ್ಲೇ ರುಬ್ಬಿ ರುಬ್ಬಿ ಬಲಗೈ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

ಆಗೆಲ್ಲ ಜೀಪಿಗೆ ಮಂಗಳೂರಿಗೇ ಹೋಗಬೇಕು. ಹಿಂದಿನ ದಿನ ಅವ್ವ ನಮಗೆ ಪಾಠ ಹೇಳಿಕೊಟ್ಟರು. "ಕಾಫಿಯೋರು ಅಂತ ಗೊತ್ತಾದ್ರೆ ಒಂದು ಪೈಸೆ ಇಳಿಸಕ್ಕಿಲ್ಲ. ನಮ್ಮೂರು ಆಲೂರು ಕಡೆ. ನಾವು ಆಲೂಗಡ್ಡೆ ಬೆಳೆಯೋರು. ಬಾಯಿಗೆ ಬಂತಾ?" ಅಪ್ಪನ ಬಾಯಿಗೆ ಬಂತು. ಇಸ್ತ್ರಿ ಮಾಡಿದ ಅಂಗಿಯನ್ನು ತೆಗೆಸಿ, ಔಷಧಿ ಹೊಡೆಯುವಾಗ ಹಾಕುವ ಅಂಗಿ ಹಾಕಿಸಿದರು. ನನ್ನನ್ನು ಕರೆದುಕೊಂಡು ಹೋದದ್ದು ಕಾಗದಪತ್ರದ ಇಂಗ್ಲಿಷ್ ಓದಲಿಕ್ಕೆ. ಪರೀಕ್ಷೆ ತಪ್ಪಿಸಿಕೊಂಡವಳ ಇಂಗ್ಲಿಷಿನ ಮೇಲೂ ಅವ್ವನಿಗೆ ಎಲ್ಲಿಲ್ಲದ ನಂಬಿಕೆ.

ಘಾಟಿ ಇಳಿದು ಮಂಗಳೂರು ಸೇರುವಷ್ಟರಲ್ಲಿ ಬೆವರು ಕಿತ್ತುಕೊಂಡು ಬಂತು. ಶೋರೂಮಿನ ಮ್ಯಾನೇಜರು ಕನ್ನಡಕದ ಹಿರಿಯರು, ತಣ್ಣನೆಯ ಮಾತು. "ನಿಮ್ಮ ಊರು ಎಲ್ಲಿ ಆಯ್ತು?" ಎಂದು ಕೇಳಿದರು.

"ಆಲೂರು ಕಡೆ. ಆಲೂಗಡ್ಡೆ" ಎಂದರು ಅಪ್ಪ, ಒಂದೇ ಉಸಿರಿಗೆ.

"ಹೌದಾ? ಈ ಸಲ ಬಟಾಟೆ ಹೇಗೆ?"

ಅಪ್ಪ ಆಲೂಗಡ್ಡೆಯನ್ನು ತಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಗಮನಿಸಿದವರಲ್ಲ. "ರುಚಿಯಾಗೈತೆ" ಎಂದುಬಿಟ್ಟರು. ಅವ್ವ ಕೆಮ್ಮಿ, ರೋಗ ಬಿದ್ದದ್ದು, ಬೆಲೆ ಬೀಳುತ್ತಿರುವುದು, ಎಲ್ಲವನ್ನೂ ಹೇಳಿ ಮಾತು ಉಳಿಸಿದರು. ಮ್ಯಾನೇಜರಿಗೆ ನಿಜವಾಗಿಯೂ ಕನಿಕರ ಬಂದಂತಿತ್ತು. ಕ್ಯಾಲ್ಕುಲೇಟರ್ ಎಳೆದುಕೊಂಡು ಏನೋ ಒತ್ತತೊಡಗಿದರು. ಅಷ್ಟರಲ್ಲಿ ಕಾಫಿ ಬಂತು.

ಈಗಲೂ ಅಪ್ಪನನ್ನು ಬಯ್ಯಲು ನನಗೆ ಮನಸ್ಸು ಬಾರದು. ಕಾಫಿಯವರಿಗೆ ಕಾಫಿ ಕೊಟ್ಟು ಸುಮ್ಮನಿರಿ ಎಂದರೆ ಹೇಗೆ? ಅಪ್ಪ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ನಾಲಗೆಯ ಮೇಲೆ ಆಡಿಸಿ, ಶೋರೂಮಿನಲ್ಲಿ ಇದ್ದೇವೆಂದೇ ಮರೆತು ಹೇಳಿದರು: "ಚಿಕೋರಿ ಅರ್ಧಕ್ಕರ್ಧ ಐತೆ. ಮಿಕ್ಕಿದ್ದು ರೊಬಸ್ಟಾ ಚೆರ್ರಿ. ಕಣದಲ್ಲಿ ಒಣಗಾಕಿದಾಗ ಮಳೆಗೆ ನೆನೆಸ್ಬುಟ್ಟವ್ರೆ, ಮುಗ್ಗಲು ಹಿಡ್ದೈತೆ."

ಮ್ಯಾನೇಜರು ಕ್ಯಾಲ್ಕುಲೇಟರಿನಿಂದ ಕೈ ತೆಗೆದರು. ಅಪ್ಪನ ಅಂಗಿಯನ್ನೂ ಅವ್ವನ ಮುಖವನ್ನೂ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು: "ಎಸ್ಟೇಟ್ ಎಷ್ಟು ಎಕರೆ ಆಯ್ತು?"

"ಹನ್ನೆರಡು" ಎಂದರು ಅಪ್ಪ. ಇನ್ನು ಮುಚ್ಚಿಡಲು ಏನಿತ್ತು? ಅವ್ವ ಮೇಜಿನ ಕೆಳಗೆ ಅಪ್ಪನ ಕಾಲು ತುಳಿದರು, ಆದರೆ ಅದು ನನ್ನ ಕಾಲಾಗಿತ್ತು.

ಮುಂದೆ ಬೆಲೆ ಇಳಿಯಲು ಬಹಳ ಒದ್ದಾಡಿತು. ಹನ್ನೆರಡು ಎಕರೆ ಅಂದರೆ ಸಣ್ಣ ತೋಟ ಎಂದು ಅವ್ವ ವಾದಿಸಿದರು. ಮ್ಯಾನೇಜರು ಸೀಟ್ ಕವರು, ಟೇಪ್ ರೆಕಾರ್ಡರು ಎಂದು ಆಸೆ ತೋರಿಸಿದರು. "ಹಾಡು ಕೇಳ್ಕಂಡು ಹೋಗೋ ಅಂಥಾ ರಸ್ತೆ ಅಲ್ಲ ನಮ್ದು" ಎಂದರು ಅವ್ವ. ಒಂದು ಗಂಟೆಯ ಮೇಲೆ ಮ್ಯಾನೇಜರು ಸೋತವರ ಹಾಗೆ ಒಂದು ಮೊತ್ತ ಹೇಳಿದರು. ಅಷ್ಟು ಬಿಡುತ್ತೇನೆ, ಇನ್ನು ಒಂದು ರೂಪಾಯಿಯೂ ಸಾಧ್ಯವಿಲ್ಲ ಎಂದರು. ನನಗೆ ಚೆನ್ನಾಗಿ ನೆನಪಿದೆ, ಅದು ಸರಿಸುಮಾರು ಒಂದು ಗ್ರೈಂಡರಿನ ಬೆಲೆ. ಅಪ್ಪ ಅವ್ವನ ಕಡೆ ತಿರುಗಿ, ಬೈಗುಳದಿಂದ ತಪ್ಪಿಸಿಕೊಂಡ ಸಂತೋಷದಲ್ಲಿ ನಕ್ಕರು.

ಅವ್ವ ನಗಲಿಲ್ಲ. ಓದಲೆಂದು ನನ್ನ ಕೈಗೆ ಕೊಟ್ಟಿದ್ದ ಜೀಪಿನ ಪುಸ್ತಕ ತೋರಿಸಿ, "ಸರ್ವೀಸು ಅಂತ ಬರೆದೈತಲ್ಲ, ಅದನ್ನ ಓದು" ಎಂದರು. ನಾನು ಓದಿ ಹೇಳಿದೆ. ಮೊದಲ ಮೂರು ಸರ್ವೀಸು ಬಿಟ್ಟಿ, ಆದರೆ ಗಾಡಿಯನ್ನು ನಾವೇ ಮಂಗಳೂರಿಗೆ ತರಬೇಕು.

"ಮಳೇಲಿ ಘಾಟಿ ಕುಸಿದ್ರೆ?" ಎಂದು ಅವ್ವ ಕೇಳಿದರು.

"ಕಾಯ್ಬೇಕಾಗ್ತದೆ ಅಮ್ಮ. ಎಂತ ಮಾಡುದು?"

ಅವ್ವನ ಸಂತೆಯ ವ್ಯಾಪಾರ ನೋಡಿದವರಿಗೆ ಮುಂದಿನದು ಆಶ್ಚರ್ಯವಲ್ಲ. ಅವ್ವ ಎಲ್ಲೇ ಏನೇ ಕೊಂಡರೂ ಅಳತೆ ಮುಗಿದ ಮೇಲೆ ಸೆರಗೊಡ್ಡಿಕೊಂಡು ನಿಲ್ಲುತ್ತಿದ್ದರು. ಕಡಲೆಕಾಯಿಯವನು ಮೇಲೊಂದು ಹಿಡಿ ಹಾಕಬೇಕು, ಸೊಪ್ಪಿನವಳು ನಾಲ್ಕು ಎಳೆ ಕೊತ್ತಂಬರಿ ಸೇರಿಸಬೇಕು. ಬೆಲೆಯಲ್ಲಿ ಸೋತರೂ ಕೊಸರು ಬಿಟ್ಟವರಲ್ಲ. ಅವತ್ತು ಹವಾನಿಯಂತ್ರಿತ ಶೋರೂಮಿನಲ್ಲಿ, ಅಷ್ಟು ದೊಡ್ಡ ವಾಹನದ ಮೇಲೆ ಅವ್ವ ಕೊಸರು ಕೇಳಿದರು.

"ನೀವು ಇಳಿಸಿದ ದುಡ್ಡು ನಮಗೆ ಬ್ಯಾಡ. ಅದ್ರ ಬದ್ಲು ಮೆಕ್ಯಾನಿಕ್ಕನ್ನ ನಮ್ಮನೆಗೆ ಕಳಿಸಿ. ಮೂರು ಸಲ. ನಮ್ಮ ಏರು ನೋಡಿ, ಅಲ್ಲೇ ನಿಂತು ನೋಡ್ಲಿ. ಮೂರನೇ ಸಲ ಮಾತ್ರ ನಾನು ಹೇಳಿದ ದಿನ ಬರ್ಬೇಕು. ನನ್ನ ಮಗಳ ಪರೀಕ್ಷೆ ಹಿಂದಿನ ದಿನ."

ಮ್ಯಾನೇಜರು ಕನ್ನಡಕ ತೆಗೆದರು. "ಅಮ್ಮ, ಪರೀಕ್ಷೆಗೂ ಸರ್ವೀಸಿಗೂ ಎಂತ ಸಂಬಂಧ?"

ಅವ್ವ ಹೇಳಿದರು. ಗೇಟು, ಹಾಲ್ ಟಿಕೆಟ್, ಬೆಳಗೋಡಿನ ಗಂಡು, ಎಲ್ಲ. ನಾನು ನೆಲದೊಳಗೆ ಇಳಿದು ಹೋಗಲು ಜಾಗ ಹುಡುಕುತ್ತಿದ್ದೆ. ಕೊನೆಗೆ ಅವ್ವ, "ಅಷ್ಟು ದೂರ ಬರೋರಿಗೆ ಊಟ ನಂದು" ಎಂದು ಸೇರಿಸಿದರು. ಮ್ಯಾನೇಜರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಪೆನ್ನು ತೆಗೆದು, ಬಿಲ್ಲಿನ ಹಿಂದೆ ಕನ್ನಡದಲ್ಲೇ ಬರೆದು ಸಹಿ ಹಾಕಿಕೊಟ್ಟರು.

ಬಸ್ಸಿನಲ್ಲಿ ಅಪ್ಪ ಪೆಚ್ಚಾಗಿ ಕೂತಿದ್ದರು. "ನಿನ್ನ ಗ್ರೈಂಡರ್ರು ಹೋಯ್ತಲ್ಲೇ" ಎಂದರು. ಅವ್ವ ಕಿಟಕಿಯ ಕಡೆ ನೋಡುತ್ತಾ, "ಬುಡಿ ಅತ್ಲಾಗೆ. ಮೆಷಿನ್ನಲ್ಲಿ ಅರೆದ್ರೆ ಕಲ್ಲಿನ ರುಚಿ ಎಲ್ಲಿ ಬರ್ತೈತೆ" ಎಂದರು. ನಾನು ಅದನ್ನು ನಂಬಿದೆ. ಹದಿನೆಂಟು ವರ್ಷಕ್ಕೆ ತನಗೆ ಅನುಕೂಲವಾದದ್ದನ್ನೆಲ್ಲ ನಂಬಲು ಬರುತ್ತದೆ.

ಹೊಸ ಜೀಪು ಬಂತು. ಸದಾನಂದ ಎಂಬ ಮೆಕ್ಯಾನಿಕ್ಕು ಹೇಳಿದ ಹಾಗೆ ಬಂದ. ಮೊದಲ ಸಲ ಬಂದಾಗ ಏರು ನೋಡಿ, "ಇದು ರಸ್ತೆಯಾ ಮಾರಾಯ್ರೆ?" ಎಂದು ಕೇಳಿದ. ಅವ್ವ ಕಡುಬು, ಕೋಳಿ ಸಾರು ಬಡಿಸಿದ ಮೇಲೆ ರಸ್ತೆಯ ವಿಷಯ ಎತ್ತಲಿಲ್ಲ. ಪರೀಕ್ಷೆಯ ಹಿಂದಿನ ದಿನ ಜಡಿಮಳೆಯಲ್ಲಿ ನೆನೆದುಕೊಂಡೇ ಬಂದು, ಬ್ರೇಕಿನೊಳಗೆ ಗಟ್ಟಿಕಟ್ಟಿದ್ದ ಕೆಸರನ್ನೆಲ್ಲ ಕೆರೆದು ತೆಗೆದು, ಅಂಗಳದಲ್ಲೇ ಜೀಪನ್ನು ನಾಲ್ಕು ಸುತ್ತು ಹೊಡೆಸಿದ. ಬೆಳಗ್ಗೆ ಸ್ಪ್ಯಾನರ್ ಚೀಲ ತೊಡೆಯ ಮೇಲಿಟ್ಟುಕೊಂಡು ನಮ್ಮ ಜೊತೆಗೇ ಹೊರಟ. ಜೀಪು ಏರನ್ನು ಒಂದೇ ಉಸಿರಿಗೆ ಹತ್ತಿತು. ತಳ್ಳಲೆಂದು ಬಂದು ನಿಂತಿದ್ದ ಲೈನಿನ ಜನ, ಕೆಲಸ ಕಳೆದುಕೊಂಡವರ ಹಾಗೆ ನೋಡುತ್ತಾ ಉಳಿದರು. ಕಾಲೇಜಿನ ಗೇಟಿನ ಬೀಗ ಇನ್ನೂ ತೆಗೆದಿರಲಿಲ್ಲ. ಸದಾನಂದ, "ಗಾಡಿಯದ್ದು ನಾನು ನೋಡಿದೆ. ಒಳಗಿನದ್ದು ನೀವು ನೋಡಿ ಅಕ್ಕ" ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದ.

ಪಾಸಾದೆ. ಹೇಳಿಕೊಳ್ಳುವಂಥ ಅಂಕವೇನಲ್ಲ. ಆದರೂ ಇವತ್ತು ಹಾಸನದ ಕಾಲೇಜೊಂದರಲ್ಲಿ ಅದೇ ರಸಾಯನಶಾಸ್ತ್ರ ಪಾಠ ಹೇಳಿ ಸಂಬಳ ತೆಗೆದುಕೊಳ್ಳುತ್ತೇನೆ. ಪರೀಕ್ಷೆಗೆ ತಡವಾಗಿ ಬಂದವರನ್ನು ಗೇಟಿನಲ್ಲಿ ತಡೆಯುವ ಕೆಲಸ ನನಗೆ ಬಂದರೆ ಬೇರೆಯವರಿಗೆ ದಾಟಿಸುತ್ತೇನೆ. ಬೆಳಗೋಡಿನ ಗಂಡಿಗೆ ಬೇರೆ ಹೆಣ್ಣು ಸಿಕ್ಕಿತು, ಸುಖವಾಗಿದ್ದಾರೆ. ಸದಾನಂದ ಬಿಟ್ಟಿ ಸರ್ವೀಸು ಮುಗಿದ ಮೇಲೂ ಎಷ್ಟೋ ವರ್ಷ ಬರುತ್ತಿದ್ದ. ಜೀಪಿಗಾಗಿಯೋ ಕಡುಬಿಗಾಗಿಯೋ ನಾವು ಕೇಳಲಿಲ್ಲ. ಆ ಕೋಳಿ ಸಾರಿನ ಖಾರವನ್ನೆಲ್ಲ ಅವ್ವ ಕಲ್ಲಿನಲ್ಲೇ ಅರೆದರು. ಗ್ರೈಂಡರ್ ಬಂದದ್ದು ನಾಲ್ಕು ವರ್ಷದ ಮೇಲೆ. ಬಂದ ದಿನ ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಅದು ತಿರುಗುವುದನ್ನು ಮಣೆ ಹಾಕಿ ಕೂತು ನೋಡಿದರು. ಅವರ ಮುಖ ನೋಡಿದ ಮೇಲೆ ಕಲ್ಲಿನ ರುಚಿಯ ಮಾತು ಎಷ್ಟು ದೊಡ್ಡ ಸುಳ್ಳಾಗಿತ್ತು ಎಂದು ನನಗೆ ತಿಳಿಯಿತು. ಅವತ್ತು ಹಿತ್ತಲಿಗೆ ಹೋಗಿ ಅತ್ತೆ.

ಇಷ್ಟನ್ನೆಲ್ಲ ನೆನೆಯುತ್ತಾ ಕೂತಿದ್ದ ನನ್ನ ಮುಂದೆ ಕಾವ್ಯ ಎರಡು ಹಾಳೆ ಇಟ್ಟಳು. "ಮೇಡಂ, ಎರಡರಲ್ಲಿ ಒಂದು. ಇದು ಡಿಸ್ಕೌಂಟು, ಇದು ಐದು ವರ್ಷದ ಸರ್ವೀಸ್ ಪ್ಯಾಕೇಜು. ಎಲ್ಲರೂ ಡಿಸ್ಕೌಂಟೇ ತಗೊಳ್ತಾರೆ." ನಾನೂ ಅದಕ್ಕೆಂದೇ ಬಂದವಳು. ಎರಡು ವಾರ ಫೋನಿನಲ್ಲಿ ಬೆಲೆ ಹೋಲಿಸಿ, ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೆ. ಚೀಟಿಯನ್ನು ಮಡಚಿ ಬ್ಯಾಗಿಗೆ ಹಾಕಿದೆ. "ಸರ್ವೀಸೇ ಇರಲಿ. ಆದರೆ ಮೆಕ್ಯಾನಿಕ್ಕು ವನಗೂರಿಗೆ ಬರಬೇಕು. ನಾನು ರಜೆಗೆಲ್ಲ ಅಲ್ಲಿಗೇ ಹೋಗುವುದು" ಎಂದೆ.

"ವನಗೂರಾ? ಅಷ್ಟು ಮೇಲಕ್ಕೆ ಯಾರು ಬರ್ತಾರೆ ಮೇಡಂ?"

"ಊಟ ನಂದು" ಎಂದೆ. ಅದು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಕೇಳಿ ನನಗೇ ನಗು ಬಂತು. ಕಾವ್ಯ ಒಳಗೆ ಹೋಗಿ ಮೂರು ಜನರನ್ನು ಕೇಳಿ ಬಂದಳು. ಮೊದಲ ವರ್ಷ ಮಾತ್ರ, ಎರಡು ಸಲ, ಎಂದಳು. ನಾನು ಅವಳ ಪೆನ್ನಿನಲ್ಲೇ ಅದನ್ನು ಬಿಲ್ಲಿನ ಹಿಂದೆ ಬರೆಸಿಕೊಂಡೆ.

ಹೊರಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ವನಗೂರಿನಲ್ಲಿ ತಮ್ಮನ ಮನೆಯಲ್ಲಿ ಯಜಮಾನಿಕೆ ಈಗಲೂ ಅವ್ವನದೇ. ಕಾರಿನ ಬಣ್ಣ ಕೇಳಲಿಲ್ಲ, ಬೆಲೆ ಕೇಳಲಿಲ್ಲ. "ಕೊಸರು ಏನು ತಗಂಡೆ?" ಎಂದರು. ಹೇಳಿದೆ.

"ಬರೋ ದಿನ ಮೊದ್ಲೇ ಹೇಳು ಕಣೆ. ಖಾರ ಅರೀಬೇಕು" ಎಂದರು.

"ಗ್ರೈಂಡರ್ ಐತಲ್ಲವ್ವ."

"ಅಯ್ಯೋ ಬುಡು, ಮೆಷಿನ್ನಲ್ಲಿ ಅರೆದ್ರೆ ಕಲ್ಲಿನ ರುಚಿ ಎಲ್ಲಿ ಬರ್ತೈತೆ."

ಈ ಸಲ ನಾನು ನಂಬಲಿಲ್ಲ. "ನಾನೇ ಹಿಂದಿನ ದಿನ ಬರ್ತೀನಿ ಕಣವ್ವ. ಕಲ್ಲು ತೊಳೆದಿಡು, ನಾನು ಅರೀತೀನಿ" ಎಂದೆ.